ಆರೋಪಿ ನಿಮಗೆ ಏನಾಗಬೇಕು

ಆ ಹೆಸರಿನವರು ಯಾರೂ ಇಲ್ಲ ಎಂದು ನಕಲು ವಿಭಾಗದ ಹೆಣ್ಣುಮಗಳು ಎರಡನೆಯ ಸಲ ಹೇಳಿದಾಗ ಪ್ರಭುಲಿಂಗನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಾಚಿಕೆ ಯಾಕಾಯಿತೆಂದು ತಿಳಿಯದೆ ಗಲಿಬಿಲಿಯಾಯಿತು. ಸಿರುಗುಪ್ಪದ ಕೋರ್ಟಿನ ಪಡಸಾಲೆಯಲ್ಲಿ ಅವನ ಹಿಂದೆ ನಿಂತವರೆಲ್ಲ ಅದನ್ನು ಕೇಳಿಸಿಕೊಂಡಿರಬೇಕು. ಅವನು ಮೇಷ್ಟ್ರು, ಕುರುಗೋಡಿನ ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಉಕ್ತಲೇಖನ ಕೊಟ್ಟು ರೂಢಿಯಾದ ಗಂಟಲಿನಿಂದ, ರಾಮಪ್ಪ, ತಂದೆ ಯಂಕಪ್ಪ, ಊರು ಕರೂರು ಎಂದು ಬಿಡಿಸಿ ಬಿಡಿಸಿ ಮತ್ತೆ ಹೇಳಿದ. ಹಾಗೆ ಹೇಳಿದಷ್ಟೂ ಆ ಹೆಸರು ಅಪ್ಪನದಲ್ಲವೇನೋ, ಯಾವುದೋ ಪಾಠದಲ್ಲಿ ಬರುವ ಯಾರದೋ ಹೆಸರೇನೋ ಅನ್ನಿಸಿತು. ಆಕೆ ಸಿಡುಕಲಿಲ್ಲ. ಸಿಡುಕಿದ್ದರೆ ಅವನಿಗೂ ಹಗುರವಾಗುತ್ತಿತ್ತು. ಇಷ್ಟು ಹಳೆಯದು ಕಂಪ್ಯೂಟರಿನಲ್ಲಿ ಇರುವುದಿಲ್ಲವೆಂದು ತಾನೇ ಒಳಗೆ ಹೋಗಿ, ಮೂಲೆ ಕಿತ್ತುಹೋದ ದೊಡ್ಡ ರಿಜಿಸ್ಟರನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದು, ಬೆರಳಿಟ್ಟು ಒಂದೊಂದೇ ಸಾಲು ಇಳಿದಳು. ಅವನು ಹೇಳಿದ ವರ್ಷ ಕರೂರಿನವರಿಗೆ ಶಿಕ್ಷೆಯಾದದ್ದು ಒಂದೇ ಒಂದು ಪ್ರಕರಣ, ಕಾಲುವೆಯ ತೂಬು ಕಾಯುವ ಲಸ್ಕರನಿಗೆ ಹೊಡೆದದ್ದು, ಆರೋಪಿಯ ಹೆಸರು ಗೋಪಾಲಕೃಷ್ಣರಾವ್, ಮೂರು ತಿಂಗಳು ಸಾದಾ ಶಿಕ್ಷೆ ಎಂದಳು. ಆಮೇಲೆ ತಲೆಯೆತ್ತಿ ಕೇಳಿದಳು.

"ಇವರು ನಿಮಗ ಏನಾಗಬೇಕ್ರಿ ಸರ್?"

"ಏನೂ ಆಗಬೇಕಿಲ್ರಿ," ಅಂದ ಪ್ರಭುಲಿಂಗ. ಅಂದಮೇಲೆ ಅದು ಸುಳ್ಳೆಂದು ಅನ್ನಿಸಿತು. ರಾಯರು ಅಪ್ಪ ದುಡಿಯುತ್ತಿದ್ದ ಗದ್ದೆಯ ಧಣಿ, ಅವನ ತಲೆಯ ಮೇಲೆ ಕೈಯಿಟ್ಟವರು. ಬಳ್ಳಾರಿಯ ಹಾಸ್ಟೆಲಿಗೆ ಅವನ ಟ್ರಂಕನ್ನು ತಮ್ಮ ಜೀಪಿನಲ್ಲಿ ಹಾಕಿಕೊಂಡು ಹೋಗಿ, ವಾರ್ಡನ್ನಿಗೆ ನಮ್ಮ ಹುಡುಗ ಎಂದು ಹೇಳಿ ಸೇರಿಸಿದವರು. ಇಂದಿಗೂ ಸ್ಟಾಫ್ ರೂಮಿನಲ್ಲಿ ಒಳ್ಳೆಯವರ ಮಾತು ಬಂದರೆ ಅವನು ಮೊದಲು ಎತ್ತುವುದು ರಾಯರ ಹೆಸರನ್ನೇ. ಅವರಿಗೆ ಜೈಲು ಶಿಕ್ಷೆಯೇ? ಅವರು ಒಂದು ರಾತ್ರಿಯೂ ಊರು ಬಿಟ್ಟು ಇದ್ದದ್ದು ಅವನಿಗೆ ನೆನಪಿಲ್ಲ. ಬೆಳಿಗ್ಗೆ ಹೊಳೆಯಿಂದ ಒದ್ದೆ ಪಂಚೆಯಲ್ಲಿ ಬರುತ್ತಿದ್ದರು. ಶಾಲೆಗೆ ಹೊರಟ ಮಕ್ಕಳು ತಮ್ಮ ನೆರಳು ಅವರಿಗೆ ತಾಗದ ಹಾಗೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ಪ್ರಭುಲಿಂಗ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತ. ವಕೀಲನೊಬ್ಬ ಕರಿ ಕೋಟು ತೋಳಿಗೆ ಹಾಕಿಕೊಂಡು ಮಿರ್ಚಿ ತಿನ್ನುತ್ತಿದ್ದ. ತಾನು ಇಲ್ಲಿಗೆ ಬಂದದ್ದು ಯಾಕೆಂದು ಪ್ರಭುಲಿಂಗ ತನಗೆ ತಾನೇ ಹೇಳಿಕೊಂಡ, ಮರೆತುಹೋದೀತೆಂಬ ಹೆದರಿಕೆಯಿಂದ ಹೇಳಿಕೊಂಡ ಹಾಗೆ.

ಬಂದದ್ದು ಅವ್ವನಿಗಾಗಿ. ಕುರುಗೋಡಿನ ಅವನ ಮನೆಯಲ್ಲಿ ಅಪ್ಪ ಲಕ್ವ ಹೊಡೆದು ಮಲಗಿದ್ದಾನೆ. ಬಲಗೈ ಬಲಗಾಲು ಬಿದ್ದುಹೋಗಿವೆ, ಮಾತು ಅರ್ಧ ಉಳಿದಿದೆ. ಇನ್ನೊಂದು ಸಲ ಬಂದರೆ ಕಷ್ಟವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಉಳಿದ ಅರ್ಧ ಮಾತಿನಲ್ಲಿ ಅಪ್ಪ ಕೇಳುವುದು ಒಂದನ್ನೇ: ದುರುಗಮ್ಮನನ್ನು ಕರೆಸು. ಅವ್ವ ದುರುಗಮ್ಮ ಇರುವುದು ಕರೂರಿನಲ್ಲಿ, ಮಗಳು ಚೈತ್ರಾಳ ಮನೆಯಲ್ಲಿ. ಪ್ರಭುಲಿಂಗ ಮೂರನೆಯ ಇಯತ್ತೆಯಲ್ಲಿದ್ದಾಗ ಗಂಡನ ಜೊತೆ ಮಾತು ಬಿಟ್ಟವಳು ಇಂದಿಗೂ ಆಡಿಲ್ಲ. ಅವನು ಹೋಗಿ ಕರೆದ, ಚೈತ್ರಾ ಕಾಲು ಹಿಡಿದಳು, ಸೊಸೆ ಜ್ಯೋತಿ ಫೋನಿನಲ್ಲಿ ಅತ್ತಳು. ಅವ್ವ ಅಳಲೂ ಇಲ್ಲ, ಬೈಯಲೂ ಇಲ್ಲ. ಜೈಲಿನಲ್ಲಿದ್ದೆ ಎಂದು ಹೇಳಿದ್ದನಲ್ಲ, ಇದ್ದದ್ದಕ್ಕೆ ಸರಕಾರದ ಕಾಗದ ತಂದು ತೋರಿಸಿರಿ, ಆ ಗಳಿಗೆಗೇ ಎದ್ದು ಬರುತ್ತೇನೆ ಎಂದಳು. ಅಷ್ಟು ಸುಲಭವೇ ಎಂದು ಪ್ರಭುಲಿಂಗನಿಗೆ ಸಂತೋಷವೂ ಆಗಿತ್ತು. ಓದಿದ ಮಗ ಇರುವುದು ಇಂಥದಕ್ಕೆ ತಾನೆ, ಎಂದು ಬಸ್ಸಿನಲ್ಲಿ ಒಂದಿಷ್ಟು ಬೀಗಿಕೊಂಡೇ ಬಂದಿದ್ದ.

ಆ ಮೂರು ತಿಂಗಳು ಅವನಿಗೆ ತುಂಡು ತುಂಡಾಗಿ ನೆನಪಿದೆ. ನಾಟಿ ಮುಗಿದ ಹೊಸದರಲ್ಲಿ ಅಪ್ಪ ಒಂದು ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ಧಣಿಯರದು ತಾರೀಖು ಇದೆ, ಸಿರುಗುಪ್ಪಕ್ಕೆ ಹೋಗಿ ಬರುತ್ತೇನೆ ಎಂದು ಹೋದ. ಬರಲಿಲ್ಲ. ಆದವಾನಿ ಕಡೆ ತಮ್ಮ ನೆಂಟರ ಹೊಲ ನೋಡಿಕೊಳ್ಳಲು ಕಳಿಸಿದ್ದೇವೆಂದು ರಾಯರು ಊರಿಗೆಲ್ಲ ಹೇಳಿದರು. ಊರು ಆ ಹೊಲದಲ್ಲಿ ಒಂದು ಗುಡಿಸಲು ಹಾಕಿತು, ಗುಡಿಸಲಿನಲ್ಲಿ ಒಬ್ಬ ಹೆಂಗಸನ್ನು ಇಟ್ಟಿತು, ಅವಳಿಗೆ ಮೂಗುಬೊಟ್ಟನ್ನೂ ಇಟ್ಟಿತು. ಮಕ್ಕಳು ಪ್ರಭುಲಿಂಗನನ್ನು ನಿನ್ನ ತೆಲುಗು ಅವ್ವ ಹೇಗಿದ್ದಾಳೋ ಎಂದು ಕೇಳುತ್ತಿದ್ದರು. ಕೊಯ್ಲಿನ ಹೊತ್ತಿಗೆ ಅಪ್ಪ ತಲೆಗೂದಲು ಕತ್ತರಿಸಿಕೊಂಡು, ಮೈ ಬಿಳಿಚಿಕೊಂಡು ಬಂದು ಕಟ್ಟೆಯ ಮೇಲೆ ಕೂತ. ಅವ್ವ ಒಳಗಿನಿಂದ ನೀರು ತಂದಳು. ಜೈಲಿನಲ್ಲಿದ್ದೆ ಎಂದು ಅಪ್ಪ ಮೆಲ್ಲಗೆ ಹೇಳಿದ. ಅವ್ವ ನಕ್ಕಳು. ಯಾವ ಜೈಲೆಂದು ನನಗೆ ಗೊತ್ತಿದೆ ಎಂದಳು, ತಂದ ನೀರನ್ನು ಎಮ್ಮೆಯ ಮುಂದೆ ಸುರಿದಳು. ಅವಳು ಅಪ್ಪನೊಡನೆ ಆಡಿದ ಕೊನೆಯ ಮಾತು ಅದು. ಅಪ್ಪನೂ ಮುಂದೆ ಏನೂ ಹೇಳಲಿಲ್ಲ, ಎಷ್ಟು ಕೇಳಿದರೂ ಹೇಳಲಿಲ್ಲ. ಪ್ರಭುಲಿಂಗ ಬೆಳೆಯುತ್ತ ಬೆಳೆಯುತ್ತ ಒಮ್ಮೆ ಇವನನ್ನು ನಂಬಿದ, ಒಮ್ಮೆ ಅವಳನ್ನು ನಂಬಿದ, ಕಡೆಗೆ ಇಬ್ಬರನ್ನೂ ನಂಬದೆ ಇಬ್ಬರನ್ನೂ ಸಾಕುವುದನ್ನು ಕಲಿತ.

ಬೇವಿನ ಮರದ ಕೆಳಗೆ ನಿಂತವನಿಗೆ ಹೊಳೆದದ್ದು ಒಂದೇ ದಾರಿ. ರಾಯರು ಈಗಿಲ್ಲ, ಅವರ ಮಗ ರಘೋತ್ತಮ ಬಳ್ಳಾರಿಯ ಗಾಂಧಿನಗರದಲ್ಲಿದ್ದಾನೆ. ಅಪ್ಪ ರಾಯರ ಜೊತೆಗಿನ ಇನ್ನೊಬ್ಬ ಆರೋಪಿಯಾಗಿದ್ದಿರಬಹುದು, ಬರೆಯುವವರು ಒಂದು ಹೆಸರು ಬಿಟ್ಟಿರಬಹುದು, ಕೇಳಿದರೆ ತಿಳಿಯುತ್ತದೆ. ಬಸ್ಸು ಕುರುಗೋಡಿನ ಮೇಲೆಯೇ ಹೋಯಿತು. ತನ್ನ ಊರಿನಲ್ಲಿ ತಾನೇ ಇಳಿಯದೆ ಕೂತಿರುವುದು ಅವನಿಗೆ ವಿಚಿತ್ರವೆನಿಸಿ, ಪರಿಚಯದವರು ಹತ್ತಿಯಾರೆಂದು ಕಿಟಕಿಗೆ ಮುಖ ಕೊಟ್ಟ. ಅಪ್ಪ ಆಸ್ಪತ್ರೆಯಲ್ಲಿದ್ದಾನೆಂದು ಹೆಡ್ಮಾಸ್ಟರಿಗೆ ಹೇಳಿ ರಜೆ ಹಾಕಿದ್ದ. ಇಷ್ಟು ಸಣ್ಣ ಸುಳ್ಳಿಗೂ ಅವನ ಅಂಗೈ ಬೆವರುತ್ತದೆ.

ರಘೋತ್ತಮ ಬಾರೋ ಪ್ರಭು ಎಂದು ಬಾಯ್ತುಂಬ ಕರೆದ. ವಯಸ್ಸಿನಲ್ಲಿ ಅವನು ನಾಲ್ಕೈದು ವರ್ಷಕ್ಕಷ್ಟೇ ದೊಡ್ಡವನು; ಆದರೂ ಅವನು ನೀನು ಎನ್ನುವುದೂ ಪ್ರಭುಲಿಂಗ ನೀವು ಎನ್ನುವುದೂ ಯಾರೂ ಕೂತು ನಿಶ್ಚಯ ಮಾಡದೆ ನಡೆದುಕೊಂಡು ಬಂದಿದೆ. ಸೋಫಾದ ಮೇಲೆ ಕೂತದ್ದಾಯಿತು, ತುದಿಯಲ್ಲಿ. ರಘೋತ್ತಮನ ಹೆಂಡತಿ ವರದಾ ಕಾಫಿ ಕೊಟ್ಟಳು. ಕುಡಿದು ಮುಗಿದದ್ದೇ ಪ್ರಭುಲಿಂಗ ಎದ್ದು ಲೋಟ ಹಿಡಿದು ಹಿತ್ತಲಿನ ನಲ್ಲಿಯ ಹತ್ತಿರ ಹೋಗಿ ತೊಳೆಯತೊಡಗಿದ. ತೊಳೆಯುವಾಗಲೇ ಅವನಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದದ್ದು. ಯಾರೂ ಹೇಳಿರಲಿಲ್ಲ. ಅಲ್ಲೇ ಇಡ್ರಿ ಮೇಷ್ಟ್ರೇ ಎಂದು ವರದಾ ಸಂಕೋಚದಿಂದಲೇ ಅಂದಳು, ಅಷ್ಟರಲ್ಲಿ ಲೋಟ ಫಳಫಳ ಎಂದಿತ್ತು. ಇನ್ನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಕಟ್ಟೆಯ ಮೇಲೆ ಬೋರಲು ಹಾಕಿ ಬಂದ. ತನ್ನ ಮನೆಗೆ ಬಂದವನು ಯಾರಾದರೂ ಹೀಗೆ ಮಾಡಿದ್ದರೆ ಅವನಿಗೆ ಅಳು ಬರುತ್ತಿತ್ತು. ಇಲ್ಲಿ ಕಿವಿ ಮಾತ್ರ ಬಿಸಿಯಾಯಿತು.

ವಿಷಯ ಕೇಳಿದ ರಘೋತ್ತಮ ಅಡಗಿಸಲು ಹೋಗಲಿಲ್ಲ. ಪ್ರಭುಲಿಂಗನಿಗೆ ಇದು ಮೊದಲಿನಿಂದ ಗೊತ್ತೆಂದೇ ತಿಳಿದು, ಹಳೆಯ ನಾಟಕದ ಮಾತು ತೆಗೆದಂತೆ ತೆಗೆದ. ರಾಯರ ಪರವಾಗಿ ರಾಮಪ್ಪ ಎಲ್ಲೆಲ್ಲಿ ನಿಂತಿಲ್ಲ? ಸೊಸೈಟಿಯ ಗೊಬ್ಬರದ ಸಾಲಿನಲ್ಲಿ ನಿಂತ, ಕಾಲುವೆ ಕಚೇರಿಯಲ್ಲಿ ನಿಂತ, ರಾಯರು ಹೋಗಲಾಗದ ಸಾವಿನ ಮನೆಗಳಲ್ಲಿ ಅವರ ಬದಲು ಮುಖ ತೋರಿಸಿ ಬಂದ. ಹಾಗೆಯೇ ಕೋರ್ಟು. ಮಡಿ ಬಿಟ್ಟು ಕಟಕಟೆ ಹತ್ತುವುದು ರಾಯರಿಂದ ಆಗುತ್ತಿರಲಿಲ್ಲ. ಅಲ್ಲಿ ರಾಯರ ಮುಖ ಕಂಡವರು ಯಾರಿದ್ದರು? ಹೊಡೆಸಿಕೊಂಡ ಲಸ್ಕರ್ ಕತ್ತಲಲ್ಲಿ ಯಾರನ್ನೂ ಸರಿಯಾಗಿ ನೋಡಿರಲಿಲ್ಲ, ಬೇರೆಯವರು ಹೇಳಿದ ಹೆಸರನ್ನು ಬರೆಸಿದ್ದ.

"ತಾರೀಖಿಗೆ ಹೋಗಿ ನಿಲ್ಲೋದು ನಿಮ್ಮಪ್ಪ," ಅಂದ ರಘೋತ್ತಮ. "ಗೋಪಾಲಕೃಷ್ಣರಾವ್ ಅಂತ ಕರದಾಗ ಓ ಅಂದು ಕೈ ಮುಗದ್ರ ಆತು, ಮುಂದಿನ ತಾರೀಖು ಕೊಡ್ತಿದ್ರು. ಬಿಟ್ಟೇ ಬಿಡ್ತಾರ ಅಂತ ವಕೀಲರು ಬರಕೊಟ್ಟಂಗ ಹೇಳಿದ್ರು. ಒಂದಿನ ಶಿಕ್ಷಾ ಆಗಿಬಿಟ್ತು ನೋಡು. ಕಟಕಟ್ಯಾಗ ಯಾರಿದ್ರೋ ಅವರನ್ನ ಕರಕೊಂಡು ಹೋದ್ರು. ನಿನಗ ಗೊತ್ತಿರಲಿಲ್ಲೇನು?"

ಗೊತ್ತಿತ್ತು ಎಂದು ಪ್ರಭುಲಿಂಗ ತಲೆಯಾಡಿಸಿದ. ಯಾಕೆ ಹಾಗೆ ಆಡಿಸಿದನೋ ಅವನಿಗೇ ತಿಳಿಯದು. ರಾಯರು ಆ ರಾತ್ರಿಯೆಲ್ಲ ಮಲಗಲಿಲ್ಲವಂತೆ; ಮುಂದೆ ಬಂದು ನಾನೇ ಅವನು ಎಂದರೆ ಇಬ್ಬರಿಗೂ ಇನ್ನೊಂದು ಕೇಸು ಎಂದು ವಕೀಲರು ಹೆದರಿಸಿದರಂತೆ. ರಾಮಪ್ಪ ಬಿಡುಗಡೆಯಾಗಿ ಬಂದಾಗ ಊರು ಮುಟ್ಟುವ ಮೊದಲೇ ಅವನನ್ನು ಕೆಂಚನಗುಡ್ಡದ ಹೊಳೆಯಲ್ಲಿ ನಿಲ್ಲಿಸಿ, ಬೊಗಸೆ ನೀರು ಹಿಡಿಸಿ, ಯಾರ ಹೆಸರಿನಲ್ಲಿ ಹೋಗಿದ್ದೆಂದು ಹೆಂಡತಿಯ ಮುಂದೆ ಕೂಡ ಹೇಳಬಾರದೆಂದು ಮಾತು ತೆಗೆದುಕೊಂಡರಂತೆ. ಹೊಡೆದವರು ಯಾರು ಎಂದು ಪ್ರಭುಲಿಂಗ ಕೇಳಿದ. ಅದೊಂದನ್ನು ಕೇಳಬಾರದಿತ್ತು. ಕಾಲುವೆಯ ನೀರನ್ನು ಗದ್ದೆಗೆ ತಿರುವಲಿಕ್ಕೆ ಹೋದವರು ಇಬ್ಬರೂ, ಮಣ್ಣು ಎಳೆಯುವ ಸನಿಕೆ ಇದ್ದದ್ದು ರಾಮಪ್ಪನ ಕೈಯಲ್ಲಿ ಎಂದು ನಮ್ಮಪ್ಪ ಹೇಳುತ್ತಿದ್ದರು, ಎಂದ ರಘೋತ್ತಮ. ಹಾಗೆ ನೋಡಿದರೆ ಶಿಕ್ಷೆ ಯಾರಿಗೆ ಆಗಬೇಕಿತ್ತೋ ಅವರಿಗೇ ಆಯಿತು ಅಂತಲೂ ಅನ್ನಬಹುದು. ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅಪ್ಪ ಹೇಳಿದ್ದನ್ನು ನಂಬಿದ ಮಗ ಅವನೂ. ಬಾಗಿಲವರೆಗೆ ಬಂದು, ಏನೇ ಆಗಲಿ ನಿನ್ನ ಓದಿನ ವಿಷಯದಲ್ಲಿ ನಮ್ಮಪ್ಪ ಮಾತು ಉಳಿಸಿಕೊಂಡರು ಎಂದ. ಯಾವ ಮಾತು, ಯಾರಿಗೆ ಕೊಟ್ಟದ್ದು ಎಂದು ಪ್ರಭುಲಿಂಗ ಕೇಳಲಿಲ್ಲ. ಬಸ್ ಸ್ಟ್ಯಾಂಡಿಗೆ ಆಟೋ ಹಿಡಿಯದೆ ಬಿಸಿಲಿನಲ್ಲಿ ನಡೆದೇ ಹೋದ. ಹಾಸ್ಟೆಲಿನ ಗೇಟಿನಲ್ಲಿ ರಾಯರು ಟ್ರಂಕು ಇಳಿಸಿದ ದಿನ ಅಪ್ಪ ಎಲ್ಲಿದ್ದ? ಜೀಪಿನ ಹಿಂದೆ ಇದ್ದ. ಕೆಳಗೆ ಇಳಿಯದೆ, ಮಗನ ಕಡೆ ನೋಡದೆ, ರಾಯರು ವಾರ್ಡನ್ನಿನ ಜೊತೆ ಮಾತಾಡುವುದನ್ನೇ ನೋಡುತ್ತ, ಅಂಗಡಿಯವನು ತೂಗುವುದನ್ನು ಗಿರಾಕಿ ನೋಡುವ ಹಾಗೆ ನೋಡುತ್ತ ಕೂತಿದ್ದ. ಅಂದರೆ ತನ್ನ ಬಿ.ಎ., ತನ್ನ ಬಿ.ಎಡ್., ತನ್ನ ಈ ಇಸ್ತ್ರಿಯ ಅಂಗಿ ಎಲ್ಲವೂ ಆ ಮೂರು ತಿಂಗಳೊಳಗಿಂದ ಬಂದದ್ದೇ? ರಾಯರನ್ನು ದ್ವೇಷಿಸಬೇಕೆಂದು ಅವನು ಪ್ರಯತ್ನಪಟ್ಟ. ಹಾಸ್ಟೆಲಿನ ಗೇಟಿನಲ್ಲಿ ಅವರು ತಲೆಯ ಮೇಲೆ ಕೈಯಿಟ್ಟದ್ದೇ ಮತ್ತೆ ಮತ್ತೆ ನೆನಪಾಯಿತು, ಆ ಕೈ ತಣ್ಣಗಿತ್ತು, ಹಿತವಾಗಿತ್ತು.

ಮನೆಗೆ ಬಂದಾಗ ಜ್ಯೋತಿ ಅಪ್ಪನಿಗೆ ಗಂಜಿ ಕುಡಿಸುತ್ತಿದ್ದಳು. ಪ್ರಭುಲಿಂಗ ಮಂಚದ ತುದಿಯಲ್ಲಿ ಕೂತು, ರಾಯರ ಹೆಸರಿನಲ್ಲಿ ಒಳಗಿದ್ದವನು ನೀನೇ ಏನು ಎಂದು ಕೇಳಿದ. ಅಪ್ಪನ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಿತು, ಚಮಚದ ಗಂಜಿ ಗದ್ದದ ಮೇಲೆ ಹರಿಯಿತು. ನೆಟ್ಟಗಿದ್ದ ಎಡಗೈಯನ್ನು ಮೆಲ್ಲಗೆ ಎತ್ತಿ, ನೀರು ಹಿಡಿಯುವವನ ಹಾಗೆ ಬೆರಳುಗಳನ್ನು ಒಳಕ್ಕೆ ಮಡಿಸಿ ತೋರಿಸಿದ. ಮಾತು ಕೊಟ್ಟಿದ್ದೇನೆ ಎಂದಿರಬೇಕು. ಮಾತು ತೆಗೆದುಕೊಂಡವರು ಸತ್ತು ಎಷ್ಟು ಕಾಲವಾಯಿತು, ಕೊಟ್ಟವನ ಬಾಯಿ ಅರ್ಧ ಬಿದ್ದುಹೋಗಿದೆ, ಇನ್ನೂ ಯಾವ ಮಾತು ಎಂದು ಪ್ರಭುಲಿಂಗನಿಗೆ ರೇಗಿತು. ಲಸ್ಕರನಿಗೆ ಹೊಡೆದವನು ನೀನೋ ಅವರೋ, ಅದನ್ನಾದರೂ ಹೇಳು ಎಂದು ದನಿ ಏರಿಸಿದ. ಅಪ್ಪ ಗೋಡೆಯ ಕಡೆ ಮುಖ ಮಾಡಿದ. ಸಾಯುವವನ ಹತ್ತಿರ ಜವಾಬು ಕೇಳುತ್ತೀರೇನು ಎಂದು ಜ್ಯೋತಿ ಗದರಿದಳು. ಅವಳು ಗದರಿದ್ದು ಸರಿ ಅನ್ನಿಸಿ ಅವನು ಹೊರಗೆ ಬಂದ. ಬೀದಿಯ ಎರಡೂ ಕಡೆ ನೋಡಿದ, ಯಾವ ಕಡೆ ಹೋಗಬೇಕೆಂದು ಗೊತ್ತಾಗದೆ ಮತ್ತೆ ಒಳಗೆ ಹೋದ.

ಆ ಹೆಸರಿನ ಕಾಗದವನ್ನೇ ತೆಗೆಸುವುದೆಂದು ನಿಶ್ಚಯಿಸಿದ್ದು ಮರುದಿನ. ಅದರಿಂದ ಏನು ಸಾಬೀತಾಗುತ್ತದೆಂದು ಅವನಿಗೆ ಸ್ಪಷ್ಟವಿರಲಿಲ್ಲ. ಅವ್ವ ಕಾಗದ ಕೇಳಿದ್ದಾಳೆ. ಇರುವುದು ಇದೊಂದೇ ಕಾಗದ. ಸಿರುಗುಪ್ಪದಲ್ಲಿ ಕೋರ್ಟಿನ ಮುಂದಿನ ಟೈಪಿಂಗ್ ಅಂಗಡಿಯವನು ಅರ್ಜಿ ತುಂಬುತ್ತ ಆರೋಪಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದ. ಸಂಬಂಧವಿಲ್ಲದವರಾದರೆ ಅಫಿಡವಿಟ್ಟು ಬೇಕು, ನಕಲು ಯಾಕೆ ಬೇಕೆಂದು ಕಾರಣ ಬರೆಯಬೇಕು, ಸಾಹೇಬರು ಒಪ್ಪಬೇಕು. ಮಗನಾದರೆ ಇದಾವುದೂ ಇಲ್ಲ ಎಂದ. ಏನೆಂದು ಕಾರಣ ಬರೆಸುವುದು? ಅವ್ವ ಅಪ್ಪನನ್ನು ನೋಡಲು ಬರಬೇಕಾಗಿರುವುದರಿಂದ, ಎಂದೇ? ಹಾಗೆ ಬರೆಸಿದರೆ ನಗುತ್ತಾರೆ, ನಗದಿದ್ದರೆ ವಿಚಾರಿಸುತ್ತಾರೆ. ವಿಚಾರಿಸಿದರೆ ಮಲಗಿರುವ ಅಪ್ಪ ಕೋರ್ಟಿಗೆ ಮೋಸ ಮಾಡಿದವನಾಗುತ್ತಾನೆ. ಮಗ ಅಂತ ಹಾಕ್ರಿ ಎಂದುಬಿಟ್ಟ. ಪ್ರಭುಲಿಂಗ, ತಂದೆ ಗೋಪಾಲಕೃಷ್ಣರಾವ್. ಟೈಪಾಗಿ ಹೊರಗೆ ಬಂದ ಆ ಸಾಲನ್ನು ಎರಡು ಸಲ ಓದಿದ. ಸಹಿ ಹಾಕಿದ. ಒಬ್ಬನ ಹಾಜರಿಗೆ ಇನ್ನೊಬ್ಬ ಓಗೊಟ್ಟರೆ ಬೆಂಚಿನ ಮೇಲೆ ನಿಲ್ಲಿಸುವ ಮೇಷ್ಟ್ರು ಅವನು.

ಅರ್ಜಿ ತೆಗೆದುಕೊಂಡ ಹೆಣ್ಣುಮಗಳು ಅವನನ್ನು ಗುರುತಿಸಿದಳು. ಅವತ್ತು ಏನೂ ಆಗಬೇಕಿಲ್ಲ ಅಂದಿದ್ರಲ್ರಿ ಎಂದಳು. ಹೇಳಲಿಕ್ಕೆ ಆಗಿರಲಿಲ್ಲ ಎಂದು ಅವನು ತಡವರಿಸಿದ. ಆಕೆ ಅರ್ಜಿಯ ಮೇಲಿನ ಪ್ರಭುಲಿಂಗ ಎಂಬ ಹೆಸರನ್ನು ನೋಡಿದಳು, ರಾಯರ ಹೆಸರನ್ನು ನೋಡಿದಳು, ಅವನ ಮುಖ ನೋಡಿದಳು. ಅವಳ ಮುಖ ಮೆಲ್ಲಗೆ ಮೆತ್ತಗಾಯಿತು. ಕೂಡ್ರಿ ಸರ್, ನಿಂತ್ಕೋಬ್ಯಾಡ್ರಿ ಎಂದು ಕುರ್ಚಿ ತೋರಿಸಿದಳು. ಆ ಕನಿಕರ ಎಲ್ಲಿಂದ ಬಂತೆಂದು ಅವನಿಗೆ ಥಟ್ಟನೆ ತಿಳಿಯಿತು, ತಿಳಿದದ್ದೇ ಮೈಯೆಲ್ಲ ಉರಿದು ಹೋಯಿತು. ಊರಿನ ರಾಯರು, ಗದ್ದೆಯ ಕೂಲಿ ಹೆಂಗಸು, ಹುಟ್ಟಿದ ಮಗ, ಹೇಳಲಾಗದ ಸಂಬಂಧ ಎಂದು ಆಕೆ ಕಥೆ ಕಟ್ಟಿಕೊಂಡಿದ್ದಳು. ಹಾಗಲ್ಲಮ್ಮ ಎನ್ನಬೇಕು. ಎಂದರೆ ಮತ್ತೆ ಹೇಗೆ ಎನ್ನುತ್ತಾಳೆ. ಅಪ್ಪನ ಮೇಲಿನ ಮಾತು ತೊಳೆಯಲು ಬಂದವನು ಅವ್ವನ ಮೇಲೆ ಕೆಸರು ಎರಚಿ ಕುರ್ಚಿಯಲ್ಲಿ ಕೂತಿದ್ದ. ಹಳೆಯ ಸಾಕ್ಷಿ ಹೇಳಿಕೆಗಳನ್ನೆಲ್ಲ ನಿಯಮದ ಪ್ರಕಾರ ನಾಶ ಮಾಡಿದ್ದಾರೆ, ತೀರ್ಪು ಮಾತ್ರ ಬಳ್ಳಾರಿಯ ದಾಖಲೆ ಕೋಣೆಯಲ್ಲಿರುತ್ತದೆ, ತರಿಸಿ ನಕಲು ಮಾಡಿಸಿ ಇಡುತ್ತೇನೆ ಎಂದು ಆಕೆ ದನಿ ತಗ್ಗಿಸಿ, ಮನೆಯವಳ ಹಾಗೆ ಹೇಳಿದಳು. ಅವನು ಕೈ ಮುಗಿದು ಬಂದ. ಮುಂದಿನ ವಾರ ಹೋದಾಗ ಪಡಸಾಲೆಯ ತುಂಬ ಜನ. ಜವಾನ ಬಾಗಿಲಿಗೆ ಬಂದು, ಗೋಪಾಲಕೃಷ್ಣರಾವ್ ಅವರ ಮಗ ಯಾರ್ರಿ ಎಂದು ಕೂಗಿದ. ಪ್ರಭುಲಿಂಗ ಒಂದು ಕ್ಷಣ ಯಾರಾದರೂ ಏಳುತ್ತಾರೇನೋ ಎಂದು ಸುತ್ತ ನೋಡಿದ. ಆಮೇಲೆ ನಾನ್ರಿ ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಅಪ್ಪನಿಗೂ ಮೊದಲ ತಾರೀಖಿನ ದಿನ ಹೀಗೆಯೇ ಬಂದಿರಬೇಕು, ನಾಲಗೆಗೆ ಏನೂ ಭಾರವಾಗದೆ.

ಕರೂರಿನ ಬಸ್ಸಿನಲ್ಲಿ ಅವನು ಓದಿದ. ಹೊಡೆದದ್ದು ಯಾರು ಎಂಬ ಪ್ರಶ್ನೆಗೆ ಅಲ್ಲಿ ಆರೋಪಿ ಎಂದಷ್ಟೇ ಉತ್ತರವಿತ್ತು. ಆರೋಪಿ ಬಂದನು, ಆರೋಪಿ ಸನಿಕೆಯ ಮರದ ಕಾವಿನಿಂದ ಹೊಡೆದನು, ಆರೋಪಿ ನ್ಯಾಯಾಲಯದ ಮುಂದೆ ಹಾಜರಿದ್ದಾನೆ. ಆ ಒಂದು ಪದದೊಳಗೆ ಇಬ್ಬರೂ ಹೊಕ್ಕು ಕೂತಿದ್ದರು, ಒಬ್ಬರನ್ನು ಎಳೆದರೆ ಇನ್ನೊಬ್ಬರು ಬರುತ್ತಿದ್ದರು. ಕಿಟಕಿಯ ಹೊರಗೆ ಗದ್ದೆಗಳು ಹಸಿರಾಗಿದ್ದವು. ಅವ್ವನಿಗೆ ಓದು ಬರುವುದಿಲ್ಲ. ಗೋಪಾಲಕೃಷ್ಣರಾವ್ ಎಂದಿರುವಲ್ಲೆಲ್ಲ ರಾಮಪ್ಪ ಎಂದು ಓದಿಬಿಟ್ಟರೆ ಮುಗಿಯಿತು. ಸಂಜೆಯೊಳಗೆ ಅವಳು ಕುರುಗೋಡಿನಲ್ಲಿರುತ್ತಾಳೆ. ಸುಳ್ಳೂ ಆಗುವುದಿಲ್ಲ, ಜೈಲಿನಲ್ಲಿ ಇದ್ದವನು ರಾಮಪ್ಪನೇ ತಾನೆ. ಬಸ್ಸು ಇಳಿಯುವ ಹೊತ್ತಿಗೆ ಹಾಗೆಯೇ ಓದುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡ.

ಅವ್ವ ಅಂಗಳದಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಕಾಗದ ಸಿಕ್ಕಿತು ಎಂದ. ಅವಳು ಮೊರ ಕೆಳಗಿಡಲಿಲ್ಲ. ಓದು ಎಂದಳು. ಚೈತ್ರಾ ಹೊಸ್ತಿಲಲ್ಲಿ ಬಂದು ನಿಂತಳು. ಅವನು ಊರು ಓದಿದ, ವರ್ಷ ಓದಿದ, ಲಸ್ಕರನ ಗಾಯ ಓದಿದ, ಮೂರು ತಿಂಗಳು ಎಂದು ಓದಿದ. ಹೆಸರು ಬರುವಲ್ಲೆಲ್ಲ ಆರೋಪಿ ಎಂದು ದಾಟಿಕೊಂಡು ಹೋದ.

"ಹೆಸರು ಓದು," ಎಂದಳು ಅವ್ವ.

ಸಿದ್ಧಮಾಡಿಕೊಂಡಿದ್ದ ಹೆಸರು ನಾಲಗೆಯ ತುದಿಯಲ್ಲಿತ್ತು. ಅವಳು ಮೊರದಿಂದ ಕಣ್ಣೆತ್ತಿ ಅವನನ್ನು ನೋಡುತ್ತಿದ್ದಳು. ಇಷ್ಟು ವರ್ಷ ಯಾರೂ ತನಗೆ ನಿಜ ಹೇಳಿಲ್ಲ ಎಂದು ಗೊತ್ತಿರುವವಳ ನೋಟ ಅದು, ಇವನೂ ಹೇಳಲಾರ ಎಂದು ಕಾಯುತ್ತಿತ್ತು. ಅವನು ಗೋಪಾಲಕೃಷ್ಣರಾವ್ ಎಂದು ಓದಿದ. ಓದಿ, ಬಾಯಿ ನಿಲ್ಲಿಸಲಾಗದೆ, ಧಣಿಯರ ಹೆಸರು ಕರೆದಾಗ ಅಪ್ಪ ಓ ಎಂದದ್ದು, ಅವರ ಹೆಸರಿನಲ್ಲಿ ಅಪ್ಪನನ್ನೇ ಒಯ್ದದ್ದು, ಹೊಳೆಯಲ್ಲಿ ನಿಂತು ಮಾತು ಕೊಟ್ಟದ್ದು ಎಲ್ಲವನ್ನೂ ಹೇಳಿದ. ತನ್ನ ಹಾಸ್ಟೆಲನ್ನೂ ಹೇಳಿದ. ಸನಿಕೆ ಯಾರ ಕೈಯಲ್ಲಿತ್ತೋ ಗೊತ್ತಿಲ್ಲ ಎಂದೂ ಹೇಳಿದ. ಅವ್ವನ ಕೈ ಅಕ್ಕಿಯ ಮೇಲೆ ನಿಂತುಬಿಟ್ಟಿತ್ತು. ನಾ ಹೋ‍ಗಿದ್ನೆಪ್ಪ ಅಲ್ಲಿಗೆ, ಎಂದಳು.

ಯಾರಿಗೂ ಹೇಳದೆ ಹೋಗಿದ್ದಳಂತೆ. ಜೈಲಿನಲ್ಲಿದ್ದೇನೆಂದು ಅಪ್ಪ ಯಾರೋ ಬಿಡುಗಡೆಯಾಗಿ ಬಂದವನ ಬಾಯಲ್ಲಿ ಹೇಳಿಕಳಿಸಿದ್ದ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಪ್ರಭುಲಿಂಗನನ್ನು ಕೈಹಿಡಿದುಕೊಂಡು ಬಸ್ಸು ಹತ್ತಿದ್ದಳು. ದೊಡ್ಡ ಬಾಗಿಲಿನ ಪೊಲೀಸಪ್ಪ ಯಾರನ್ನು ನೋಡಬೇಕು, ಹೆಸರು ಹೇಳು ಎಂದ. ಮದುವೆಯಾದಾಗಿನಿಂದ ಆ ಹೆಸರು ಅವಳ ಬಾಯಲ್ಲಿ ಬಂದಿರಲಿಲ್ಲ. ಹುಡುಗನ ಕೈಲಿ ಹೇಳಿಸೋಣವೆಂದರೆ ಅವನು ಆಚೆ ಗೋಡೆಗೊರಗಿ ನಿದ್ದೆ ಹೋಗಿದ್ದ. ಹಿಂದೆ ಜನ ನಿಂತಿದ್ದರು, ಪೊಲೀಸಪ್ಪ ಅವಸರ ಮಾಡಿದ. ಸೆರಗು ಬಾಯಿಗೆ ಒತ್ತಿಕೊಂಡು, ನೆಲ ನೋಡುತ್ತ ಹೇಳಿದಳು. ಅವನು ಒಳಗೆ ಹೋಗಿ ನೋಡಿಬಂದು ಆ ಹೆಸರಿನವನು ಯಾರೂ ಇಲ್ಲಿ ಇಲ್ಲ ಎಂದ. ಇನ್ನೊಂದು ಸಲ ನೋಡಪ್ಪಾ ಎಂದು ಇನ್ನೊಂದು ಸಲ ಹೆಸರು ಹೇಳಿದಳು, ಈ ಸಲ ಗಟ್ಟಿಯಾಗಿ. ಇಲ್ಲ ಎಂದರು. ಪ್ರಭುಲಿಂಗನಿಗೆ ಯಾವುದೋ ಪೇಟೆಯ ನಲ್ಲಿಯ ಹತ್ತಿರ ಕೂತು ಹೊಟ್ಟೆತುಂಬ ರೊಟ್ಟಿ ತಿಂದ ಒಂದು ಮಧ್ಯಾಹ್ನ ಈಗ ನೆನಪಾಯಿತು. ತಿನ್ನು, ತಿನ್ನು, ಎಲ್ಲ ನಿನಗೇ ಎಂದು ಅವ್ವ ಬುತ್ತಿಯನ್ನು ಅವನ ಮುಂದೆ ಸರಿಸುತ್ತಿದ್ದಳು. ಅವನು ಎಷ್ಟು ಸಂತೋಷದಿಂದ ತಿಂದಿದ್ದ.

"ಹಂಗಾದ್ರ ನಾ ಅಲ್ಲಿ ಯಾರ ಹೆಣ್ತಿ ಅಂತ ಹೇಳಬೇಕಿತ್ತೋ ಯಪ್ಪಾ?" ಎಂದಳು ಅವ್ವ. ಅವಳು ಅವನನ್ನೇ ಕೇಳುತ್ತಿದ್ದಳು, ಓದಿದವನು ಅವನೆಂದು.

ಅವನು ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟ. ಅವಳು ಮೊರವನ್ನು ಚೈತ್ರಾಳ ಕೈಗೆ ಕೊಟ್ಟು, ಮುಖ ತೊಳೆದು, ಬೇರೆ ಸೀರೆ ಉಟ್ಟು ಬಂದಳು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಳು. ಸಿಟ್ಟೋ, ಅಳುವೋ, ಅವನಿಗೆ ಅವಳ ಮುಖದಲ್ಲಿ ಏನನ್ನೂ ಓದಲಾಗಲಿಲ್ಲ. ಗಂಡನನ್ನು ಕ್ಷಮಿಸಲು ಹೊರಟಿದ್ದಾಳೋ, ಕೊನೆಗೊಮ್ಮೆ ಬಯ್ಯಲು ಹೊರಟಿದ್ದಾಳೋ ಎಂದು ಕುರುಗೋಡು ಬರುವವರೆಗೂ ಯೋಚಿಸಿದ. ಮನೆಯಲ್ಲಿ ಜ್ಯೋತಿ ದೀಪ ಹಚ್ಚಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡು ಮಲಗಿದ್ದ, ನಿದ್ದೆಯೋ ಎಚ್ಚರವೋ ತಿಳಿಯುತ್ತಿರಲಿಲ್ಲ. ಅವ್ವ ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ ಮಂಚದ ಹತ್ತಿರ ನಿಂತಳು. ಸೆರಗನ್ನು ಬಾಯಿಗೆ ಒತ್ತಿಕೊಳ್ಳಲಿಲ್ಲ.

"ರಾಮಪ್ಪ," ಎಂದು ಕರೆದಳು.

ಜ್ಯೋತಿ ಬೆಚ್ಚಿ ಗಂಡನ ಮುಖ ನೋಡಿದಳು. ಅಪ್ಪ ಕಣ್ಣು ತೆರೆದ, ಹೆಂಡತಿಯನ್ನು ದಾಟಿ ಬಾಗಿಲ ಕಡೆ ನೋಡಿದ, ಯಾರನ್ನೋ ಕರೆದರು, ಅವನು ಬರಲಿ ಎನ್ನುವವನ ಹಾಗೆ. ಅವ್ವ ಬಗ್ಗಿ ಅವನ ಗದ್ದ ಹಿಡಿದು ಮುಖವನ್ನು ತನ್ನ ಕಡೆ ತಿರುಗಿಸಿಕೊಂಡು, ಬೀದಿಗೆ ಕೇಳಿಸುವಷ್ಟು ಗಟ್ಟಿಯಾಗಿ ಇನ್ನೊಂದು ಸಲ ಕರೆದಳು.